ಸೂಳೆಕೆರೆ ಮೀನು, ಮರದ ಹೊಟ್ಟು, ಬ್ಯಾಟರಿ ಫ್ರಿಜ್

ಸೂಳೆಕೆರೆ ಅಂದ್ರೆ ಎಲ್ಲರೂ ಶಾಂತವ್ವನ ಕಥೆ ಹೇಳ್ತಾರೆ, 12ನೇ ಶತಮಾನದ ಏರಿಯನ್ನ ಹೊಗಳ್ತಾರೆ. ನಾನಿವತ್ತು ಮಾತಾಡೋದು ಮೀನಿನ ಪೆಟ್ಟಿಗೆ ಬಗ್ಗೆ. ಬೆಳಗ್ಗೆ ಬಲೆಗೆ ಬಿದ್ದ ಕಾಟ್ಲಾ, ರೋಹು ಬಿಸಿಲಲ್ಲಿ ದಾವಣಗೆರೆ ಮುಟ್ಟಿದಾಗಲೂ ಕಿವಿರು ಕೆಂಪಗಿರಬೇಕು. ಬಣ್ಣ ಕಂದಿದರೆ ರೇಟು ಬಿತ್ತು ಅಂತಲೇ ಲೆಕ್ಕ, ಆ ದಿನದ ದುಡಿಮೆಯೂ ಹೋಯ್ತು.

ಐಸಿನ ಬದಲು ಬ್ಯಾಟರಿಯ ಸಣ್ಣ ಫ್ರಿಜ್ ಇಡೋಣ ಅನ್ನೋರಿದ್ದಾರೆ. ಬ್ಯಾಟರಿ ಬೇಗ ಇಳಿಯುತ್ತೆ, ದೊಡ್ಡದು ಹಾಕಿಸಲಾ ಅಂತ ಕೇಳ್ತಾರೆ. ನಾನಂತೂ ಮೊದಲು ಗೋಡೆ ದಪ್ಪ ಮಾಡಿ ಅಂತೀನಿ.

ಯಾಕೆ ಅಂದ್ರೆ, ಯಂತ್ರವೇ ಇಲ್ಲದ ಕಾಲದಲ್ಲಿ ಗೋಡೆಯೊಂದೇ ಈ ಕೆಲಸ ಮಾಡಿದೆ. 1833ರಲ್ಲಿ ಬಾಸ್ಟನ್‌ನ ಫ್ರೆಡೆರಿಕ್ ಟ್ಯೂಡರ್ 'ಟಸ್ಕನಿ' ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತಾಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಸಮಭಾಜಕ ವೃತ್ತವನ್ನ ಎರಡು ಸಲ ದಾಟಬೇಕು. ಆದರೂ ನೂರು ಟನ್ನಿನಷ್ಟು ಉಳಿದಿತ್ತು! ಆ ವ್ಯಾಪಾರದ ಬಂಡವಾಳ ಮರದ ಹೊಟ್ಟು. ಹೊಟ್ಟಿನ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡಲ್ಲ, ಶಾಖ ದಾಟೋಕೆ ಬಿಡಲ್ಲ. ಮದ್ರಾಸಿನ ಕಡಲ ದಂಡೆಯ ಐಸ್ ಹೌಸ್ ಕೂಡ ಟ್ಯೂಡರನದೇ. 1897ರಲ್ಲಿ ವಿವೇಕಾನಂದರು ಉಳಿದುಕೊಂಡಿದ್ದ ಕಟ್ಟಡ ಅದು.

ನಮ್ಮೂರ ಕಡೆ ಸೋಡಾ ಅಂಗಡಿಯವರು ಐಸಿನ ಗಡ್ಡೆಯನ್ನ ಹೊಟ್ಟಿನಲ್ಲಿ ಹೂತು ಗೋಣಿಚೀಲ ಹೊದಿಸ್ತಿದ್ದರಲ್ಲ, ಅದೂ ಅದೇ ವಿದ್ಯೆ. ಆಮೇಲೆ ಥರ್ಮಾಕೋಲ್ ಬಂತು. ಅದರಲ್ಲೂ ಕೆಲಸ ಮಾಡೋದು ಸಿಕ್ಕಿಕೊಂಡ ಗಾಳಿಯೇ.

ಈಗ ಒಂದು ಲೆಕ್ಕ. 50 ಸೆಂ.ಮೀ. ಉದ್ದ, 40 ಅಗಲ, 40 ಎತ್ತರದ ಪೆಟ್ಟಿಗೆ. ಒಳಗೆ 0 ಡಿಗ್ರಿ, ಹೊರಗೆ 30. ಒಂದು ಇಂಚಿನ ಥರ್ಮಾಕೋಲ್ ಗೋಡೆಯಾದ್ರೆ ಸುಮಾರು 47 ವಾಟ್ ಶಾಖ ಒಳಗೆ ನುಗ್ಗುತ್ತೆ, ದಿನಕ್ಕೆ 12 ಕೆ.ಜಿ. ಐಸು ಕರಗುತ್ತೆ. ಎರಡು ಇಂಚು ಮಾಡಿದ್ರೆ 6 ಕೆ.ಜಿ. ಸಾಕು. ಫ್ರಿಜ್ಜಿಗೂ ಇದೇ ನ್ಯಾಯ, ಒಳಗೆ ಬಂದ ಶಾಖವನ್ನ ಹೊರಗೆ ತಳ್ಳೋಕೇ ಕಂಪ್ರೆಸರ್ ಕರೆಂಟು ತಿನ್ನೋದು. ಪಾಲಿಯುರೆಥೇನ್ ಫೋಮ್ ಹಾಳೆ ಸಿಕ್ಕರೆ ಇನ್ನೂ ವಾಸಿ.

ಸುಮ್ಮನೆ ಸುತ್ತ ಅಂಟಿಸಿಬಿಡಬೇಡಿ. ಫ್ಯಾನು, ಗಾಳಿಕಿಂಡಿ ಮುಚ್ಚಿದ್ರೆ ಕಂಪ್ರೆಸರ್ ಬೆಂದುಹೋಗುತ್ತೆ. ಕೆಲವು ಫ್ರಿಜ್ಜುಗಳಲ್ಲಿ ಬಿಸಿ ಕೊಳವೆ ಪಕ್ಕದ ಗೋಡೆಯೊಳಗೇ ಇರುತ್ತೆ. ಓಡುವಾಗ ಮುಟ್ಟಿ ನೋಡಿ, ಬೆಚ್ಚಗಿದ್ದ ಕಡೆ ಹಾಳೆ ಹಚ್ಚಬೇಡಿ. ಹಾಳೆಯ ಸಂದುಗಳಿಗೆ ಹೊರಗಿನಿಂದ ಟೇಪು ಹಾಕಿ, ಇಲ್ಲದಿದ್ರೆ ತೇವದ ಗಾಳಿ ಒಳಸೇರಿ ಬೆವರುತ್ತೆ.

ಏರಿ ಎಷ್ಟೇ ದಪ್ಪ ಇರಲಿ, ತೂಬು ಸೋರಿದ್ರೆ ಕೆರೆ ನಿಲ್ಲುತ್ತಾ? ಇಲ್ಲಿ ತೂಬು ಅಂದ್ರೆ ಮುಚ್ಚಳದ ರಬ್ಬರು. ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದ್ರೆ ರಬ್ಬರು ಬದಲಿಸಿ, ಬ್ಯಾಟರಿ ಮಾತು ಆಮೇಲೆ.