ಸಲೇಷಿಯನ್ ಲಾಂಛನ

ಸಲೇಷಿಯನ್ ಲಾಂಛನವು ಕ್ಯಾಥೊಲಿಕ್ ಧರ್ಮಸಭೆಯ ಸಲೇಷಿಯನ್ ಸಂಸ್ಥೆಯ ಗುರಾಣಿಯಾಕಾರದ ಚಿಹ್ನೆಯಾಗಿದೆ. ಸಂತ ಜಾನ್ ಬಾಸ್ಕೊ (1815–1888) ಅವರು 1859ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. 'ಡಾನ್ ಬಾಸ್ಕೊ' ಹೆಸರಿನ ಹಲವು ಶಾಲೆಗಳ ಲಾಂಛನಗಳಲ್ಲಿ ಈ ಚಿಹ್ನೆ ಅಥವಾ ಇದರ ಅಂಶಗಳು ಕಂಡುಬರುತ್ತವೆ.

ಇತಿಹಾಸ

ರೋಮ್ ನಗರದಲ್ಲಿ ಯೇಸುವಿನ ಪವಿತ್ರ ಹೃದಯದ ದೇವಾಲಯವನ್ನು ನಿರ್ಮಿಸುತ್ತಿದ್ದಾಗ ಸಂಸ್ಥೆಗೆ ಸ್ವಂತ ಲಾಂಛನದ ಅಗತ್ಯ ಉಂಟಾಯಿತು. ಬೊಯಿದಿ ಎಂಬ ಕಲಾವಿದರು ರಚಿಸಿದ ವಿನ್ಯಾಸದ ಕುರಿತು 1884ರಲ್ಲಿ ಚರ್ಚೆ ನಡೆಯಿತು. 1885ರ ಡಿಸೆಂಬರ್ 8ರ ಸುತ್ತೋಲೆಯಲ್ಲಿ ಲಾಂಛನವು ಮೊದಲ ಬಾರಿಗೆ ಮುದ್ರಿತವಾಯಿತು.

ಸಂಕೇತಗಳು

* ನಕ್ಷತ್ರ, ಲಂಗರು, ಉರಿಯುವ ಹೃದಯ: ಇವು ಕ್ರಮವಾಗಿ ವಿಶ್ವಾಸ, ನಿರೀಕ್ಷೆ ಮತ್ತು ಪ್ರೀತಿಯನ್ನು ಸೂಚಿಸುತ್ತವೆ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ (13:13) ಈ ಮೂರು ಗುಣಗಳನ್ನು ಒಟ್ಟಿಗೆ ಹೇಳಲಾಗಿದೆ. ನಿರೀಕ್ಷೆಯನ್ನು ಲಂಗರಿಗೆ ಹೋಲಿಸುವ ಪರಿಪಾಠಕ್ಕೆ ಇಬ್ರಿಯರಿಗೆ ಬರೆದ ಪತ್ರ (6:19) ಆಧಾರವಾಗಿದೆ.
* ಸಂತ ಫ್ರಾನ್ಸಿಸ್ ಡಿ ಸೇಲ್ಸ್: ಸೌಮ್ಯತೆಗೆ ಹೆಸರಾದ ಜಿನೀವಾದ ಬಿಷಪ್ (1567–1622). ಸಂಸ್ಥೆಯ ಪಾಲಕ ಸಂತರಾದ ಇವರ ಹೆಸರಿನಿಂದಲೇ 'ಸಲೇಷಿಯನ್' ಎಂಬ ಪದ ಬಂದಿದೆ.
* ಕಾಡು: ಇಟಾಲಿಯನ್ ಭಾಷೆಯಲ್ಲಿ 'ಬಾಸ್ಕೊ' ಎಂದರೆ ಕಾಡು. ಇದು ಸ್ಥಾಪಕರ ಹೆಸರಿನ ಸೂಚನೆ.
* ಪರ್ವತಗಳು: ಸಾಧಕರು ಏರಬೇಕಾದ ಪರಿಪೂರ್ಣತೆಯ ಶಿಖರಗಳು.
* ತಾಳೆ ಗರಿ ಮತ್ತು ಲಾರೆಲ್ ಕೊಂಬೆ: ತ್ಯಾಗ ಹಾಗೂ ಸದ್ಗುಣಗಳ ಬದುಕಿಗೆ ದೊರೆಯುವ ಪ್ರತಿಫಲ. ಕ್ರೈಸ್ತ ಕಲೆಯಲ್ಲಿ ಗರಿಯು ರಕ್ತಸಾಕ್ಷಿಗಳ ಜಯದ ಗುರುತು. ಲಾರೆಲ್ ಎಲೆಗಳ ಕಿರೀಟವು ಪ್ರಾಚೀನ ರೋಮನ್ನರಲ್ಲಿ ವಿಜಯಿಗಳಿಗೆ ಸಲ್ಲುತ್ತಿತ್ತು.

ಧ್ಯೇಯವಾಕ್ಯ

ಲಾಂಛನದ ಕೆಳಭಾಗದಲ್ಲಿ 'ದಾ ಮಿಹಿ ಆನಿಮಾಸ್, ಚೇತೆರಾ ತೊಲ್ಲೆ' ಎಂಬ ಲ್ಯಾಟಿನ್ ವಾಕ್ಯವಿದೆ. 'ನನಗೆ ಆತ್ಮಗಳನ್ನು ಕೊಡು, ಉಳಿದುದನ್ನು ತೆಗೆದುಕೋ' ಎಂಬುದು ಇದರ ಅರ್ಥ. ಬೇರೆ ವಾಕ್ಯಗಳನ್ನೂ ಸೂಚಿಸಲಾಗಿತ್ತಾದರೂ, ತಾವು ಆರಂಭದಿಂದಲೇ ಪಾಲಿಸಿಕೊಂಡು ಬಂದಿದ್ದ ಈ ವಾಕ್ಯವನ್ನೇ ಬಾಸ್ಕೊ ಅವರು ಉಳಿಸಿದರು.

ವಾಕ್ಯದ ಮೂಲ ಆದಿಕಾಂಡದ 14:21. ಅಲ್ಲಿ ಇದನ್ನು ನುಡಿಯುವವನು ಸಂತನಲ್ಲ, ಸೊದೋಮಿನ ಅರಸ. ಶತ್ರುಗಳಿಂದ ಬಿಡಿಸಿ ತಂದ ಜನರನ್ನು ತನಗೆ ಒಪ್ಪಿಸಿ, ಸೊತ್ತನ್ನು ಇಟ್ಟುಕೊಳ್ಳುವಂತೆ ಅವನು ಅಬ್ರಾಮನನ್ನು ಕೇಳುತ್ತಾನೆ. ಮೂಲ ಹೀಬ್ರೂ ಪದಕ್ಕೆ ಈ ಸಂದರ್ಭದಲ್ಲಿ 'ಜನರು' ಎಂಬ ಅರ್ಥವಿದೆ. ಲ್ಯಾಟಿನ್ ಅನುವಾದದ 'ಆನಿಮಾಸ್' ಎಂಬ ಪದವು 'ಆತ್ಮಗಳು' ಎಂಬ ಓದಿಗೆ ಎಡೆಮಾಡಿತು. ಯುದ್ಧಾನಂತರದ ಹಂಚಿಕೆಯ ಮಾತು ಹೀಗೆ ದೇವರಲ್ಲಿ ಮಾಡುವ ಪ್ರಾರ್ಥನೆಯಾಗಿ ಮಾರ್ಪಟ್ಟಿತು. ಸಲೇಷಿಯನ್ ಪರಂಪರೆಯಲ್ಲಿ ಇದು ಸಂಪತ್ತನ್ನು ತೊರೆದು ಯುವಜನರ ಒಳಿತಿಗೆ ಬದುಕನ್ನು ಮುಡಿಪಾಗಿಡುವ ಸಂಕಲ್ಪವನ್ನು ಸಾರುತ್ತದೆ.

ಕರ್ನಾಟಕದಲ್ಲಿ

ಸಲೇಷಿಯನ್ನರು 1906ರಲ್ಲಿ ತಮಿಳುನಾಡಿನ ತಂಜಾವೂರಿಗೆ ಬರುವುದರೊಂದಿಗೆ ಭಾರತದಲ್ಲಿ ಅವರ ಸೇವೆ ಆರಂಭವಾಯಿತು. ಸಂಸ್ಥೆಯ ಬೆಂಗಳೂರು ಪ್ರಾಂತ್ಯವು 1979ರಲ್ಲಿ ರಚನೆಯಾಯಿತು. ಬೆಂಗಳೂರು, ಹೊಸಪೇಟೆ, ಚಿತ್ರದುರ್ಗ ಮೊದಲಾದೆಡೆ ಡಾನ್ ಬಾಸ್ಕೊ ಹೆಸರಿನ ಸಂಸ್ಥೆಗಳಿವೆ.