ಬ್ಯಾರೆಲ್ ಎಂಬ ಮೀನು ಮಗಳಾದ ಕಥೆ

ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿ ವೆರಾವಳ್ ಎಂಬ ಬಂದರು ಇದೆ. ಸೋಮನಾಥ ದೇವಾಲಯವಿರುವ ಪ್ರಭಾಸ ಪಟ್ಟಣಕ್ಕೆ ಒತ್ತಿಕೊಂಡೇ ಇರುವ ಊರು. ಸೂರತ್ ಹೆಸರು ಮಾಡುವ ಮುನ್ನ ಹಜ್ ಯಾತ್ರಿಕರ ಹಡಗುಗಳು ಇಲ್ಲಿಂದಲೇ ಹೊರಡುತ್ತಿದ್ದವು. ಇಂದು ಅದು ದೇಶದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲೊಂದು. ಖಾರ್ವಾಗಳು, ಕೋಳಿಗಳು, ಮಚ್ಛಿಯಾರಾ ಮುಸ್ಲಿಮರು ಎಲ್ಲರೂ ಒಂದೇ ಕಡಲಿನ ಅನ್ನ ಉಣ್ಣುವವರು.

ಈ ಕರಾವಳಿಯ ಮೀನುಗಾರರು ಒಂದು ಮೀನನ್ನು ‘ಬ್ಯಾರೆಲ್’ ಎಂದು ಕರೆಯುತ್ತಿದ್ದರು. ಬ್ಯಾರೆಲ್ ಎಂದರೆ ಪೀಪಾಯಿ. ಮೀನು ಪೀಪಾಯಿಯಂತೆ ಕಾಣುತ್ತಿತ್ತೆಂದು ಬಂದ ಹೆಸರಲ್ಲ ಇದು. ಅದನ್ನು ಕೊಲ್ಲಲು ಬಳಸುತ್ತಿದ್ದ ಸಾಧನದಿಂದ ಬಂದ ಹೆಸರು. ಮೀನು ನೀರಿನ ಮೇಲ್ಮೈಗೆ ಬಂದಾಗ ದೊಡ್ಡ ಕಬ್ಬಿಣದ ಕೊಕ್ಕೆಯನ್ನು ಅದರ ಮೈಗೆ ಚುಚ್ಚುತ್ತಿದ್ದರು. ಕೊಕ್ಕೆಗೆ ಹಗ್ಗ, ಹಗ್ಗದ ತುದಿಗೆ ಖಾಲಿ ಪೀಪಾಯಿಗಳು. ಮೀನು ಆಳಕ್ಕೆ ಇಳಿಯಲು ಹೊರಟರೆ ಪೀಪಾಯಿಗಳು ಮೇಲಕ್ಕೆ ಎಳೆಯುತ್ತಿದ್ದವು. ಗಂಟೆಗಟ್ಟಲೆ ಹೆಣಗಿ ಮೀನು ಸೋತು ಸುಸ್ತಾದ ಮೇಲೆ ಅದನ್ನು ದೋಣಿಗೆ ಕಟ್ಟಿ ದಡಕ್ಕೆ ತರುತ್ತಿದ್ದರು.

ಒಂದು ಜೀವಿಗೆ ಅದರ ಕೊಲೆಯ ಹತ್ಯಾರಿನ ಹೆಸರನ್ನೇ ಇಟ್ಟುಬಿಟ್ಟರೆ ಆಮೇಲೆ ಅದರ ಬಗ್ಗೆ ಯೋಚಿಸಲು ಏನು ಉಳಿಯುತ್ತದೆ? ಕಥೆ ಬರೆಯುವವರಿಗೆ ಹೆಸರಿನ ಬೆಲೆ ಗೊತ್ತು. ಪಾತ್ರಕ್ಕೆ ಹೆಸರು ಸಿಗುವವರೆಗೂ ಅದರ ಮೇಲೆ ಕರುಣೆ ಹುಟ್ಟುವುದಿಲ್ಲ. ಈ ಮೀನಿನ ಹೆಸರು ಬದಲಾದದ್ದು ಹೇಗೆ ಎಂಬುದು ನಮ್ಮ ದೇಶದ ಕಡಲಿನ ಇತ್ತೀಚಿನ ಚರಿತ್ರೆಯ ಒಂದು ಒಳ್ಳೆಯ ಅಧ್ಯಾಯ.

ಮೀನುಗಳಲ್ಲೆಲ್ಲ ದೊಡ್ಡದು

ಈ ಮೀನನ್ನು ನಾವು ತಿಮಿಂಗಿಲ ಶಾರ್ಕ್ ಎನ್ನುತ್ತೇವೆ. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ತಿಮಿಂಗಿಲವಲ್ಲ. ತಿಮಿಂಗಿಲ ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡುವ ಪ್ರಾಣಿ. ಇದು ಕಿವಿರಿನಿಂದ ಉಸಿರಾಡುವ ಮೀನು, ನಮ್ಮ ಕರಾವಳಿಯವರು ತಾಟೆ ಎನ್ನುವ ಶಾರ್ಕುಗಳ ಕುಲದ್ದು. ಲೋಕದಲ್ಲಿ ಬದುಕಿರುವ ಮೀನುಗಳಲ್ಲೆಲ್ಲ ಇದೇ ದೊಡ್ಡದು. ಹತ್ತು ಹನ್ನೆರಡು ಮೀಟರ್ ಉದ್ದ ಬೆಳೆಯಬಲ್ಲದು, ಅದಕ್ಕೂ ಮೀರಿ ಬೆಳೆದವೂ ಸಿಕ್ಕಿವೆ. ಅಂದರೆ ನಮ್ಮ ಸಾರಿಗೆ ಬಸ್ಸಿನಷ್ಟು ಉದ್ದ.

ಶಾರ್ಕ್ ಎಂದೊಡನೆ ಸಿನಿಮಾಗಳಲ್ಲಿ ಕಂಡ ಹಲ್ಲುಗಳು ನೆನಪಾಗಬಹುದು. ಇದರ ಬಾಯಲ್ಲೂ ಹಲ್ಲುಗಳಿವೆ, ಸಾವಿರಾರು ಇವೆ. ಆದರೆ ಒಂದೊಂದೂ ಅಕ್ಕಿಕಾಳಿನಷ್ಟು ಚಿಕ್ಕದು, ಕಚ್ಚಲು ಬಾರದವು. ಅಗಲವಾದ ಬಾಯಿ ತೆರೆದು ನೀರನ್ನು ಒಳಗೆಳೆದುಕೊಂಡು, ಅದರಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನೂ ಮೀನಿನ ಮೊಟ್ಟೆಗಳನ್ನೂ ಸೋಸಿ ತಿನ್ನುವುದು ಇದರ ಬದುಕು. ಮನುಷ್ಯನಿಗೆ ಇದರಿಂದ ಯಾವ ಅಪಾಯವೂ ಇಲ್ಲ. ಮೈಮೇಲೆ ಬಿಳಿಯ ಚುಕ್ಕೆಗಳು. ಒಂದರ ಚುಕ್ಕೆಗಳಂತೆ ಇನ್ನೊಂದರದು ಇರುವುದಿಲ್ಲ, ನಮ್ಮ ಬೆರಳಚ್ಚಿನ ಹಾಗೆ.

ಆಫ್ರಿಕಾದ ದಕ್ಷಿಣ ತುದಿಯ ಟೇಬಲ್ ಕೊಲ್ಲಿಯಲ್ಲಿ 1828ರಲ್ಲಿ ಈಟಿಗೆ ಸಿಕ್ಕ ಒಂದು ಮೀನನ್ನು ಆಧರಿಸಿ ಆಂಡ್ರ್ಯೂ ಸ್ಮಿತ್ ಎಂಬ ಸೇನಾ ವೈದ್ಯ ಮೊದಲ ಬಾರಿಗೆ ಇದರ ವಿವರಣೆ ಬರೆದ. ಆಮೇಲೆ ಎಷ್ಟೋ ದಶಕಗಳು ಇದರ ಬದುಕಿನ ಬಗ್ಗೆ ತಿಳಿದದ್ದು ಅತ್ಯಲ್ಪ. ಇದು ಮೊಟ್ಟೆಯಿಡುತ್ತದೆಯೇ, ಮರಿ ಹಾಕುತ್ತದೆಯೇ ಎಂಬ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿದ್ದು 1995ರಲ್ಲಿ. ತೈವಾನಿನ ಮೀನುಗಾರರಿಗೆ ಸಿಕ್ಕ ಒಂದು ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮುನ್ನೂರು ಮರಿಗಳಿದ್ದವು. ಇದು ಪ್ರಾಯಕ್ಕೆ ಬರಲು ಇಪ್ಪತ್ತೈದು ವರ್ಷಗಳಾದರೂ ಬೇಕೆಂದು ಅಂದಾಜು. ಇಷ್ಟು ನಿಧಾನವಾಗಿ ಬೆಳೆಯುವ ಜೀವಿಯನ್ನು ವೇಗವಾಗಿ ಕೊಂದರೆ ಲೆಕ್ಕ ಸರಿಹೋಗುವುದು ಯಾವಾಗ?

ಯಕೃತ್ತಿನ ಎಣ್ಣೆಯಿಂದ ಮಾಂಸದ ರಫ್ತಿಗೆ

ಸೌರಾಷ್ಟ್ರದ ಮೀನುಗಾರರು ಮೊದಲು ಈ ಮೀನನ್ನು ಕೊಲ್ಲುತ್ತಿದ್ದುದು ಯಕೃತ್ತಿಗಾಗಿ. ಅದರಿಂದ ತೆಗೆದ ಎಣ್ಣೆಯನ್ನು ದೋಣಿಯ ಮರಕ್ಕೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ಉಳಿದ ಮಾಂಸ ಅಲ್ಲಿ ಯಾರಿಗೂ ಬೇಕಿರಲಿಲ್ಲ. ತೊಂಬತ್ತರ ದಶಕದಲ್ಲಿ ಚಿತ್ರ ಬದಲಾಯಿತು. ಇದರ ಬಿಳಿಯ ಮೆದು ಮಾಂಸಕ್ಕೆ ತೈವಾನಿನಲ್ಲಿ ಒಳ್ಳೆಯ ಬೆಲೆಯಿತ್ತು. ವ್ಯಾಪಾರಿಗಳು ವೆರಾವಳ್ ತಲುಪಿದರು. ಮಾರ್ಚಿನಿಂದ ಮೇವರೆಗೆ ಮೀನುಗಳು ಗುಂಪಾಗಿ ದಡದ ಸಮೀಪ ಬರುವ ಕಾಲ. ಮಳೆಗಾಲದ ಮುಂಚಿನ ಆ ತಿಂಗಳುಗಳಲ್ಲಿ ಬೇರೆ ಮೀನು ಕಡಿಮೆ. ಸಾಲದಲ್ಲಿ ದೋಣಿ ಕೊಂಡವನಿಗೆ ಒಂದು ಬ್ಯಾರೆಲ್ ಸಿಕ್ಕರೆ ಆ ವರ್ಷ ದಾಟಿದ ಹಾಗೆ. ಅವನನ್ನು ಕಟುಕನೆಂದು ದೂರದಲ್ಲಿ ಕುಳಿತು ಬೈಯುವುದು ಸುಲಭ.

ಈ ಬೇಟೆಯನ್ನು ಲೋಕಕ್ಕೆ ತೋರಿಸಿದವರು ವನ್ಯಜೀವಿ ಚಿತ್ರ ನಿರ್ದೇಶಕ ಮೈಕ್ ಪಾಂಡೆ. ‘ಶೋರ್ಸ್ ಆಫ್ ಸೈಲೆನ್ಸ್’ ಎಂಬ ಅವರ ಸಾಕ್ಷ್ಯಚಿತ್ರ 2000ದಲ್ಲಿ ಬಂತು. ಅದಕ್ಕೆ ಬ್ರಿಟನ್ನಿನ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ದೊರೆಯಿತು. ಅದೇ ಹೊತ್ತಿಗೆ ಟ್ರಾಫಿಕ್ ಇಂಡಿಯಾ ಸಂಸ್ಥೆಗಾಗಿ ಫಹಮೀದಾ ಹನ್ಫಿ ಗುಜರಾತಿನ ಈ ವ್ಯಾಪಾರದ ಅಧ್ಯಯನ ನಡೆಸಿ ವರದಿ ಸಿದ್ಧಪಡಿಸಿದರು. ಚಿತ್ರ ಮನಸ್ಸನ್ನು ಕಲಕಿತು, ವರದಿ ಅಂಕಿ ಅಂಶ ಒದಗಿಸಿತು. 2001ರ ಮೇ 28ರಂದು ಕೇಂದ್ರ ಸರಕಾರ ತಿಮಿಂಗಿಲ ಶಾರ್ಕನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟಕ್ಕೆ ಸೇರಿಸಿತು. ಹುಲಿ, ಆನೆಗಳಿರುವ ಪಟ್ಟಿ ಅದು. ಆ ಪಟ್ಟಿಗೆ ಸೇರಿದ ಮೊಟ್ಟಮೊದಲ ಮೀನು ಇದೇ. ಮರುವರ್ಷ ಭಾರತ, ಫಿಲಿಪ್ಪೀನ್ಸ್ ಮೊದಲಾದ ದೇಶಗಳ ಪ್ರಯತ್ನದಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ ನಿಯಂತ್ರಣ ಬಂತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ದೆಹಲಿಯ ಗೆಜೆಟ್ಟನ್ನು ವೆರಾವಳ್‌ನ ದೋಣಿಯಲ್ಲಿ ಓದುವವರು ಯಾರು? ಕರಾವಳಿಯ ಊರುಗಳಲ್ಲಿ ವಿಚಾರಿಸಿದಾಗ ಹೆಚ್ಚಿನವರಿಗೆ ಕಾಯಿದೆಯ ಸುದ್ದಿಯೇ ತಿಳಿದಿರಲಿಲ್ಲ. ಪಟ್ಟಣಗಳವರಿಗಂತೂ ಇಂಥದೊಂದು ಮೀನು ತಮ್ಮ ಕಡಲಿಗೆ ಬರುತ್ತದೆಂಬುದೂ ಗೊತ್ತಿರಲಿಲ್ಲ.

ತವರಿಗೆ ಬಂದ ಮಗಳು

ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ 2004ರಲ್ಲಿ ಒಂದು ಪ್ರಚಾರಾಂದೋಲನ ಆರಂಭಿಸಿತು. ಗುಜರಾತ್ ಅರಣ್ಯ ಇಲಾಖೆ ಹಾಗೂ ಟಾಟಾ ಕೆಮಿಕಲ್ಸ್ ಜೊತೆಗೂಡಿದವು. ಅವರು ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಸೌರಾಷ್ಟ್ರದವರೇ ಆದ, ಹಳ್ಳಿಹಳ್ಳಿಯಲ್ಲಿ ಮನೆಮಾತಾದ ರಾಮಕಥಾ ಪ್ರವಚನಕಾರ ಮೊರಾರಿ ಬಾಪು ಅವರ ಬಳಿ ಹೋದರು. ಬಾಪು ಮೀನುಗಾರರಿಗೆ ಹೇಳಿದ ಮಾತಿನ ಸಾರಾಂಶ ಇಷ್ಟು: ಈ ಮೀನು ದೂರದ ಕಡಲಿನಿಂದ ಹೆರಿಗೆಗೆಂದು ನಿಮ್ಮ ತೀರಕ್ಕೆ ಬರುತ್ತದೆ. ಹೆರಿಗೆಗೆ ತವರಿಗೆ ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ?

ಬ್ಯಾರೆಲ್ ಅಂದಿನಿಂದ ‘ವ್ಹಾಲಿ ದಿಕ್ರಿ’ಯಾಯಿತು. ಗುಜರಾತಿಯಲ್ಲಿ ಹಾಗೆಂದರೆ ಮುದ್ದಿನ ಮಗಳು.

ನಾನು ಕಡಲಿನಿಂದ ದೂರದ ಊರಿನಲ್ಲಿ ಬೆಳೆದರೂ ಈ ಮಾತು ಆ ಜನರ ಎದೆಗೆ ಹೇಗೆ ನಾಟಿರಬಹುದೆಂದು ಬಲ್ಲೆ. ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ಬಂದಾಗ ಮನೆಯ ತುಪ್ಪದ ಡಬ್ಬಿಗೆ ಉಳಿದವರು ಕೈ ಹಾಕುವಂತಿರಲಿಲ್ಲ. ಜೋರಾಗಿ ಮಾತಾಡಿದರೆ ಅಮ್ಮಿ ಗದರುತ್ತಿದ್ದರು. ಕೈಯಲ್ಲಿ ಕಾಸಿಲ್ಲದ ಅಬ್ಬಾ ಅಂಗಡಿಯಲ್ಲಿ ಉದ್ರಿ ಬರೆಸಿ ಒಣಹಣ್ಣು ತಂದಿದ್ದರು. ಉರ್ದುವಿನಲ್ಲಿ ಅದು ಮೈಕಾ, ಕನ್ನಡದಲ್ಲಿ ತವರು, ಗುಜರಾತಿಯಲ್ಲಿ ಪಿಯರ್. ಭಾಷೆ ಬೇರೆ, ಮಗಳು ಬಂದಾಗ ಮನೆಯಲ್ಲಿ ಆಗುವ ಗಡಿಬಿಡಿ ಒಂದೇ. ಬಾಪು ಮಾತಾಡಿದ್ದು ರಾಮಕಥೆಯ ವೇದಿಕೆಯ ಬಲದಿಂದ ನಿಜ. ಆದರೆ ಅವರು ಆರಿಸಿಕೊಂಡ ಸಂಬಂಧ ಖಾರ್ವಾನ ಮನೆಯಲ್ಲೂ ಇತ್ತು, ಮಚ್ಛಿಯಾರಾನ ಮನೆಯಲ್ಲೂ ಇತ್ತು. 2002ರ ಗಾಯ ಇನ್ನೂ ಹಸಿಯಾಗಿದ್ದ ರಾಜ್ಯದಲ್ಲಿ, ಎರಡೇ ವರ್ಷದ ಬಳಿಕ, ಎಲ್ಲ ಮನೆಗೂ ಸಲ್ಲುವ ಇಂಥದೊಂದು ಮಾತು ಹೊಳೆದದ್ದು ಸಣ್ಣ ಸಂಗತಿಯಲ್ಲ.

ಇಂಥ ಮಾತು ಆ ನೆಲಕ್ಕೆ ಹೊಸದೂ ಅಲ್ಲ. 1264ರಲ್ಲಿ ಹೊರ್ಮುಜ್‌ನ ಹಡಗಿನ ಒಡೆಯ ನೂರುದ್ದೀನ್ ಫಿರೋಜ್ ಸೋಮನಾಥ ಪಟ್ಟಣದ ಹೊರಗೆ ಮಸೀದಿಯೊಂದನ್ನು ಕಟ್ಟಿಸಿದ. ಅದಕ್ಕೆ ಜಾಗ ದೊರಕಿಸಿಕೊಟ್ಟವರು ಊರಿನ ಹಿಂದೂ ಪ್ರಮುಖರು. ಆ ಮಸೀದಿಯ ಶಾಸನ ಅರಬಿಯಲ್ಲೂ ಇದೆ, ಸಂಸ್ಕೃತದಲ್ಲೂ ಇದೆ. ಸಂಸ್ಕೃತ ಪಾಠ ದೇವರನ್ನು ‘ವಿಶ್ವನಾಥ’ ಎಂದು ನಮಿಸಿ ಶುರುವಾಗುತ್ತದೆ, ಹಿಜರಿ ವರ್ಷವನ್ನೂ ವಿಕ್ರಮ ವರ್ಷವನ್ನೂ ಜೊತೆಜೊತೆಗೆ ಕೊಡುತ್ತದೆ. ಎದುರಿಗಿರುವವನ ಎದೆಯ ಮಾತಿನಲ್ಲಿ ತನ್ನ ಮಾತು ಹೇಳುವ ಕಲೆಯನ್ನು ಈ ಬಂದರು ಏಳೂವರೆ ಶತಮಾನದ ಹಿಂದೆಯೇ ಬಲ್ಲದು.

ಆಂದೋಲನದವರು ನಿಜವಾದ ಮೀನಿನಷ್ಟೇ ದೊಡ್ಡದಾದ, ಗಾಳಿ ತುಂಬಿದ ಗೊಂಬೆಯೊಂದನ್ನು ಊರೂರಿಗೆ ಒಯ್ದರು. ಬಾಣಂತನಕ್ಕೆ ಬಂದ ಮಗಳ ಕಥೆಯನ್ನು ಬೀದಿನಾಟಕವಾಗಿ ಆಡಿದರು. ಪೋರಬಂದರ್, ದ್ವಾರಕಾ, ಓಖಾ ಮೊದಲಾದ ಊರುಗಳು ಈ ಮೀನನ್ನು ತಮ್ಮ ಲಾಂಛನವಾಗಿ ಸ್ವೀಕರಿಸಿದವು. ಬಲೆಗೆ ಸಿಕ್ಕಿದ ಮೀನನ್ನು ಮೀನುಗಾರರು ತಾವಾಗಿಯೇ ಬಲೆ ಕತ್ತರಿಸಿ ಬಿಡತೊಡಗಿದರು. 2004ರಿಂದ ಈಚೆಗೆ ಹೀಗೆ ಕಡಲಿಗೆ ಮರಳಿದ ಮೀನುಗಳ ಸಂಖ್ಯೆ ಒಂಬೈನೂರನ್ನು ದಾಟಿದೆ. ಹಿಂದೆ ಕೊಕ್ಕೆ ಎಸೆಯುತ್ತಿದ್ದ ಅದೇ ಕೈಗಳು.

ಬಲೆಯ ಬೆಲೆ ಕೊಡುವವರು ಯಾರು?

ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಒಂದು ಸುಂದರ ಉಪಮೆ, ಜನರ ಮನಃಪರಿವರ್ತನೆ, ಶುಭಂ. ನನಗೆ ಅಷ್ಟು ಸಾಕೆನಿಸುವುದಿಲ್ಲ. ಬಲೆಯೆಂದರೆ ಮೀನುಗಾರನ ಬಂಡವಾಳ. ಮಗಳೆಂದು ಒಪ್ಪಿಕೊಂಡು ಬಲೆ ಕತ್ತರಿಸಿದವನು ಮರುದಿನ ಯಾವ ಬಲೆ ಹಿಡಿದು ಕಡಲಿಗೆ ಹೋಗಬೇಕು? ಈ ಪ್ರಶ್ನೆಯನ್ನು ಆಂದೋಲನ ಬದಿಗೆ ಸರಿಸಲಿಲ್ಲ, ಅದರ ನಿಜವಾದ ಹೆಚ್ಚುಗಾರಿಕೆ ಅಲ್ಲಿದೆ. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆಯಿಂದ 25,000 ರೂಪಾಯಿಯವರೆಗೆ ಪರಿಹಾರ ಕೊಡುವ ಏರ್ಪಾಡಾಯಿತು. ಮೊದಮೊದಲು ಅಧಿಕಾರಿಗಳು ದೋಣಿಯೇರಿ ಬಂದು ನೋಡುವವರೆಗೆ ಮೀನು ಬಲೆಯಲ್ಲೇ ನರಳಬೇಕಿತ್ತು. ಆಮೇಲೆ ಮೀನುಗಾರರ ಕೈಗೇ ಕ್ಯಾಮರಾ ಕೊಡಲಾಯಿತು. ಅವರು ಬಿಡುಗಡೆಯ ಚಿತ್ರ ತೆಗೆದು ತಂದರೆ ಸಾಕು, ಅದೇ ಸಾಕ್ಷಿ. ಸರಕಾರ ಬಡವನ ಮಾತನ್ನು ನಂಬಿತು. ಮೀನು ಬದುಕಿತು.

ತವರಿನ ಪ್ರೀತಿಯನ್ನು ನೆನಪಿಸಿ ಬಾಣಂತನದ ಖರ್ಚನ್ನು ಬಡ ತಂದೆಯ ತಲೆಗೇ ಕಟ್ಟಿದ್ದರೆ ಈ ಆಂದೋಲನ ಎಷ್ಟು ದಿನ ಉಳಿಯುತ್ತಿತ್ತು? ಕಡಲನ್ನು ಉಳಿಸಿರೆಂದು ಭಾಷಣ ಮಾಡುವವರು ಈ ಭಾಗವನ್ನು ಎರಡು ಸಲ ಓದಬೇಕು.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಲೋಕದಲ್ಲಿ ಎಲ್ಲಿಯೂ ವಿಜ್ಞಾನಿಗಳು ಕಣ್ಣಾರೆ ಕಂಡಿಲ್ಲ. ಅದು ಹೆರಿಗೆಗೆಂದೇ ಸೌರಾಷ್ಟ್ರಕ್ಕೆ ಬರುತ್ತದೆ ಎಂಬುದು ಇನ್ನೂ ರುಜುವಾತಾಗಬೇಕಾದ ಮಾತು. 2011ರಿಂದ ಮೀನುಗಳಿಗೆ ಉಪಗ್ರಹ ಸಂಪರ್ಕದ ಪಟ್ಟಿ ಕಟ್ಟಿ ಅವುಗಳ ಜಾಡು ಹಿಡಿಯುವ ಕೆಲಸ ನಡೆದಿದೆ. ಕಥೆ ವಿಜ್ಞಾನಕ್ಕಿಂತ ನಾಲ್ಕು ಹೆಜ್ಜೆ ಮುಂದೆ ನಡೆಯಿತು. ಕಥೆಗಾರರಿಗೆ ಇದು ಹೆಮ್ಮೆಯೂ ಹೌದು, ಎಚ್ಚರಿಕೆಯೂ ಹೌದು. ನಾಳೆ ವಿಜ್ಞಾನ ಬೇರೆ ಮಾತು ಹೇಳಿದರೆ ಮಗಳನ್ನು ಮನೆಯಿಂದ ಹೊರಗೆ ಹಾಕಲಾಗದಷ್ಟು ಸಂಬಂಧ ಅಷ್ಟರೊಳಗೆ ಗಟ್ಟಿಯಾಗಿರಬೇಕು.

ಹೆಸರಿಲ್ಲದ ಮಕ್ಕಳು

ತಿಮಿಂಗಿಲ ಶಾರ್ಕ್ ನಮ್ಮ ಕಡಲಿಗೂ ಬರುತ್ತದೆ. ಮಂಗಳೂರು, ಮಲ್ಪೆ, ಕಾರವಾರದ ಬಲೆಗಳಿಗೆ ಅದು ಸಿಕ್ಕ ದಾಖಲೆಗಳಿವೆ. 2016ರಿಂದ ಅದು ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆದರೆ ಕಡಲಲ್ಲಿ ಅದೊಂದೇ ಇಲ್ಲವಲ್ಲ. ಬಸ್ಸಿನಷ್ಟು ದೊಡ್ಡ ಮೀನಿಗೆ ಮಗಳೆಂದು ಹೆಸರಿಡಬಹುದು. ಗೇಣುದ್ದ ಬೂತಾಯಿಗೆ?

ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಅದು 3,297 ಟನ್ನಿಗೆ ಕುಸಿಯಿತೆಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತು. ಬೂತಾಯಿ ಹಿಂದೆಯೂ ಹೀಗೆ ಮಾಯವಾಗಿ ಮರಳಿದ್ದುಂಟು. ಕಡಲಿನ ಬಿಸಿ ಏರಿಳಿಯುವುದು ಒಂದು ಕಾರಣ. ಬೆಳೆಯುವ ಮುನ್ನವೇ ಮರಿಮೀನುಗಳನ್ನು ಬಳಿದು ತರುವುದು ಇನ್ನೊಂದು. ನಮ್ಮ ಕರಾವಳಿಯ ಬಂದರುಗಳಲ್ಲಿ ರಾಶಿ ಬೀಳುವ ಆ ಮರಿಮೀನುಗಳಲ್ಲಿ ಎಷ್ಟೋ ಪಾಲು ಊಟದ ತಟ್ಟೆಗೂ ಬರುವುದಿಲ್ಲ, ಮೀನುಹುಡಿಯ ಕಾರ್ಖಾನೆಗೆ ಹೋಗುತ್ತದೆ. ಪ್ರಖರ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಮಳೆಗಾಲದಲ್ಲಿ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾಯಿದೆಗಳು ಇವೆ. ವೆರಾವಳ್‌ನಲ್ಲೂ 2001ರಲ್ಲಿ ಕಾಯಿದೆಯಿತ್ತು ಎಂಬುದನ್ನು ಮರೆಯದಿರೋಣ.

ಕಾಯಿದೆ ಗೆಜೆಟ್ಟಿನಿಂದ ದೋಣಿಗೆ ಇಳಿಯಲು ಅಲ್ಲಿ ಮೂರು ಬೇಕಾದವು. ಜನರ ಮನೆಯೊಳಗಿನಿಂದ ಹೆಕ್ಕಿದ ಒಂದು ಮಾತು, ನಷ್ಟವನ್ನು ಬಡವನೊಬ್ಬನ ಮೇಲೆ ಹೊರಿಸದ ನ್ಯಾಯ, ಅವನ ಮಾತಿನ ಮೇಲೆ ನಂಬಿಕೆ. ನಮ್ಮ ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ನವಾಯತಿ, ಕನ್ನಡ ಇಷ್ಟು ಭಾಷೆಗಳಿವೆ. ಹೇಳುವವರಿಗೆ ಮಾತಿನ ಬರವಿಲ್ಲ. ಮರಿಮೀನು ತುಂಬಿದ ಬಲೆಯನ್ನು ಮತ್ತೆ ನೀರಿಗೆ ಇಳಿಬಿಟ್ಟು ಬರಿಗೈಯಲ್ಲಿ ದಡಕ್ಕೆ ಬಂದವನ ಮನೆಯಲ್ಲಿ ಆ ರಾತ್ರಿ ಒಲೆ ಉರಿಯುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಮೀನು ತಿನ್ನುವ ನಮ್ಮೆಲ್ಲರದು.