ಚಿತ್ರರಸಿಕನೂ ಆರ್.ಎಸ್.ಎಸ್. ಫೀಡೂ

ಕಲೆಗೆ ರಸಿಕನು ಎಷ್ಟು ಅವಶ್ಯಕನೋ ರಸಿಕನಿಗೆ ವಾರ್ತೆಯೂ ಅಷ್ಟೇ ಅವಶ್ಯಕವಾದುದು. ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಏರ್ಪಡಿಸುವ ಚಿತ್ರಸಂತೆಗೆ ರಾಜಾಜಿನಗರ, ವಿಜಯನಗರ, ಕೆಂಗೇರಿಗಳಿಂದಲೂ ಜನರು ಬಂದು ಚಿತ್ರಗಳನ್ನು ಕಂಡು ಮೆಚ್ಚುವರು. ಆದರೆ ಸಂತೆಯು ಒಂದು ದಿನದ್ದು. ಮೆಚ್ಚಿದ ಚಿತ್ರಕಾರನು ಆಮೇಲೆ ಏನನ್ನು ಬರೆದನೆಂದು ವರ್ಷದ ಉಳಿದ ದಿನಗಳಲ್ಲಿ ತಿಳಿಯುವ ಬಗೆ ಯಾವುದು?

2000ನೆಯ ಇಸವಿಯ ಆಗಸ್ಟಿನಲ್ಲಿ ಅಮೆರಿಕದಲ್ಲಿ ಹುಟ್ಟಿದ ಡೀವಿಯಂಟ್‌ಆರ್ಟ್, 2004ರಲ್ಲಿ ಬಂದ ಫ್ಲಿಕರ್ ಮೊದಲಾದ ಅಂತರ್ಜಾಲದ ಕಲಾಕೂಟಗಳು ಇಂತಹ ಸಂತೆಯನ್ನು ನಿತ್ಯದ್ದಾಗಿ ಮಾಡಿದುವು. ಆಗ ತೊಡಕು ಬೇರೊಂದಾಯಿತು: ಚಿತ್ರಕಾರರು ಅಸಂಖ್ಯಾತರು, ಒಬ್ಬೊಬ್ಬರ ಪುಟವನ್ನೂ ದಿನದಿನವೂ ತೆರೆದು ನೋಡಲು ಯಾರಿಗೆ ಬಿಡುವು?

ಇದಕ್ಕೆ ಪರಿಹಾರವು ಮೊದಲೇ ಸಿದ್ಧವಾಗಿದ್ದಿತು. 1999ರ ಮಾರ್ಚಿ ತಿಂಗಳಿನಲ್ಲಿ, ಮದರಾಸಿನ ಐ.ಐ.ಟಿ.ಯಲ್ಲಿ ಓದಿದ ಆರ್. ವಿ. ಗುಹಾ ಹಾಗೂ ಡ್ಯಾನ್ ಲಿಬ್ಬಿ ಎಂಬವರು ನೆಟ್‌ಸ್ಕೇಪ್ ಸಂಸ್ಥೆಯಿಂದ ಆರ್.ಎಸ್.ಎಸ್.ನ ಮೊದಲ ರೂಪವನ್ನು ಹೊರತಂದರು. 2000ದ ಡಿಸೆಂಬರಿನಲ್ಲಿ ಬಂದ 1.0 ರೂಪವನ್ನು ರಚಿಸಿದವರಲ್ಲಿ ಆರನ್ ಸ್ವಾರ್ಟ್ಸ್ ಎಂಬ 14 ವರ್ಷದ ಬಾಲಕನೂ ಇದ್ದನು. 2002ರಲ್ಲಿ ಡೇವ್ ವೈನರ್ ಎಂಬವರು 2.0 ರೂಪವನ್ನು ಪ್ರಕಟಿಸಿದರು.

ಇದರ ಕ್ರಮವು ಸರಳವಾದುದು. ಚಿತ್ರಕಾರನ ಪುಟದೊಡನೆ ಫೀಡ್ ಎಂಬ ಒಂದು ಸಣ್ಣ ಪಟ್ಟಿಯಿರುತ್ತದೆ. ಹೊಸ ಚಿತ್ರವು ಸೇರಿದೊಡನೆ ಅದರ ಹೆಸರು, ವಿಳಾಸ, ದಿನಾಂಕಗಳು ಆ ಪಟ್ಟಿಯಲ್ಲಿ ದಾಖಲಾಗುವುವು. ರಸಿಕನ ಫೀಡ್ ರೀಡರು ಆಗಾಗ ಈ ಪಟ್ಟಿಗಳಿದ್ದೆಡೆಗೆ ಹೋಗಿ ಹೊಸತೇನೆಂದು ವಿಚಾರಿಸಿ ತರುತ್ತದೆ. ಅಂಚೆಯವನು ಮನೆಗೆ ಬರುವಂತಲ್ಲ, ಮನೆಯ ಆಳು ಹತ್ತು ಮನೆಗಳಿಗೆ ಹೋಗಿ ಸಮಾಚಾರ ತರುವಂತೆ. ಆದುದರಿಂದ ರಸಿಕನು ತನ್ನ ವಿಳಾಸವನ್ನು ಯಾರಿಗೂ ಕೊಡಬೇಕಾದುದಿಲ್ಲ.

ಕನ್ನಡಕ್ಕೂ ಇದರಿಂದ ಪ್ರಯೋಜನವಾಯಿತು. ಫಾಂಟಿಗೊಂದು ಸಂಕೇತವಿದ್ದ ಹಿಂದಿನ ಬರಹವು, ಆ ಫಾಂಟು ಇಲ್ಲದೆಡೆ ಅರ್ಥವಿಲ್ಲದ ಅಕ್ಷರರಾಶಿಯಾಗಿ ಕಾಣುತ್ತಿದ್ದಿತು. 1991ರಲ್ಲಿಯೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದಿತು, ಆರ್.ಎಸ್.ಎಸ್.ಗೆ ಆಧಾರವಾದ ಎಕ್ಸ್‌ಎಂಎಲ್ ಆ ಯೂನಿಕೋಡನ್ನೇ ಅಂಗೀಕರಿಸಿತು. ಹೀಗೆ ಚಿತ್ರದ ಕನ್ನಡ ಹೆಸರು ಕನ್ನಡವಾಗಿಯೇ ಓದುಗನನ್ನು ಮುಟ್ಟುವಂತಾಯಿತು.

2005ರಲ್ಲಿ ಆರಂಭವಾದ ಗೂಗಲ್ ರೀಡರ್ ಬಹುಜನರಿಗೆ ಬಳಕೆಯಾಯಿತು; 2013ರ ಜುಲೈ 1ರಂದು ಅದು ಮುಚ್ಚಿತು. ಹಲವರು ಅದನ್ನು ಆರ್.ಎಸ್.ಎಸ್.ನ ಅಂತ್ಯವೆಂದೇ ಎಣಿಸಿದರು. ಆದರೆ ಮುಚ್ಚಿದುದು ಒಂದು ಅಂಗಡಿಯೇ ಹೊರತು ದಾರಿಯಲ್ಲ. ಬಳಸುತ್ತಿದ್ದವರು ತಮ್ಮ ಪಟ್ಟಿಗಳನ್ನು ಬೇರೆ ರೀಡರುಗಳಿಗೆ ಒಯ್ಯಲು ಅವಕಾಶವಿದ್ದಿತು. ಇಂದಿಗೂ ಪಾಡ್‌ಕಾಸ್ಟುಗಳು ಕೇಳುಗರನ್ನು ಮುಟ್ಟುವುದು ಬಹುಮಟ್ಟಿಗೆ ಇದೇ ದಾರಿಯಿಂದ.

ಇದಕ್ಕೆ ವಿರುದ್ಧವಾದ ಕ್ರಮವೂ ಬೆಳೆದಿದೆ. 2016ರಲ್ಲಿ ಇನ್‌ಸ್ಟಾಗ್ರಾಂ, ಚಿತ್ರಗಳನ್ನು ಬಂದ ಕಾಲದ ಕ್ರಮದಲ್ಲಿ ತೋರಿಸುವುದನ್ನು ಬಿಟ್ಟು ತನ್ನ ಗಣನೆಯ ಕ್ರಮದಲ್ಲಿ ತೋರಿಸಲಾರಂಭಿಸಿತು. ಅಂದಿನಿಂದ ಕೆಂಗೇರಿಯ ಚಿತ್ರಕಾರನ ಹೊಸ ಕೃತಿಯು ಬಸವೇಶ್ವರನಗರದಲ್ಲಿರುವ ಅವನ ಅಭಿಮಾನಿಯ ಕಣ್ಣಿಗೆ ಬೀಳುವುದೋ ಇಲ್ಲವೋ ಎಂಬುದು ಮೂರನೆಯವರ ಎಣಿಕೆಗೆ ಸೇರಿದ ಮಾತಾಯಿತು. ಫೀಡಿನಲ್ಲಾದರೋ ಆರಿಸುವವನು ರಸಿಕನೇ. ಕಡಿಮೆ ಹೆಸರಿನ ಚಿತ್ರಕಾರನ ಕೃತಿಯೂ ಹೆಸರಾಂತವನ ಕೃತಿಯೊಡನೆ ತನ್ನ ಸರದಿಯಲ್ಲಿ ಅವನ ಮುಂದೆ ಬರುವುದು. ಮೆಚ್ಚುವುದೂ ಬಿಡುವುದೂ ಅವನಿಗೇ ಸೇರಿದುದು.